ಬೇರಿಯಾಟ್ರಿಕ್ ಆಪರೇಷನ್ ಆದಮೇಲೆ ನಮ್ಮ ಅಡುಗೆಯಲ್ಲೇ 60 ಗ್ರಾಂ ಪ್ರೋಟೀನ್: ಗಂಜಿ, ತಿಳಿಸಾರು ಯಾಕೆ ಸಾಲದು?

ಹೆಸರುಬೇಳೆ:
ತೂಕ ಇಳಿಸೋಕೆ ಹೊಟ್ಟೆಯನ್ನು ಸಣ್ಣದು ಮಾಡುವ ಬೇರಿಯಾಟ್ರಿಕ್ ಆಪರೇಷನ್, ಅಂದರೆ ಸ್ಲೀವ್ ಅಥವಾ ಬೈಪಾಸ್, ಆದವರಿಗೆ ಆಸ್ಪತ್ರೆಯಿಂದ ಸಿಗುವ ಊಟದ ಹಾಳೆಯಲ್ಲಿ ಸಾಮಾನ್ಯವಾಗಿ ಸೂಪು, ಪ್ರೋಟೀನ್ ಶೇಕು, ಮೊಟ್ಟೆ, ಬೇಯಿಸಿದ ಚಿಕನ್ ಅಂತ ಇರುತ್ತೆ. ಮನೆಗೆ ಬಂದಮೇಲೆ ಹಿರಿಯರು ಅಕ್ಕರೆಯಿಂದ ಮಾಡಿಕೊಡೋದು ಗಂಜಿ, ತಿಳಿಸಾರನ್ನ, ರವೆಗಂಜಿ, ಬೇಳೆಕಟ್ಟು, ಎಳನೀರು. ಹೊಟ್ಟೆಗೆ ಹಗುರ, ನಿಜ. ಆದರೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕಾದವರು ದಿನವಿಡೀ ಇದನ್ನೇ ಕುಡಿದರೂ ಅದರ ಕಾಲುಭಾಗ ಸಿಗೋಲ್ಲ. ಹೊಟ್ಟೆ ತುಂಬಿರುತ್ತೆ, ಮೈ ಉಪವಾಸ ಬಿದ್ದಿರುತ್ತೆ. ತೂಕ ಇಳಿಯುತ್ತಾ ಇರೋದರಿಂದ ಎಲ್ಲ ಚೆನ್ನಾಗಿದೆ ಅನ್ನಿಸುತ್ತೆ, ಇಳಿಯುತ್ತಿರೋದು ಕೊಬ್ಬಿನ ಜೊತೆಗೆ ಸ್ನಾಯು ಕೂಡ.

ಸಸ್ಯಾಹಾರಿ ಮನೆಗಳಿಗೆ ಹೊಂದುವ ಅಳತೆ, ವಿಧಾನ, ಎಡವುವ ಜಾಗಗಳು ಇವನ್ನೆಲ್ಲ ಗೊತ್ತಿರುವವರು ಒಂದೆಡೆ ಬರೆಯೋಣ. ಅನುಭವ ಕಥನಕ್ಕೆ ಬೇರೆ ಎಳೆ ಇದೆ, ಇಲ್ಲಿ ವಿವರ ಮಾತ್ರ ಇರಲಿ. ನಿಮ್ಮ ಸರ್ಜನ್ ಕೊಟ್ಟ ಹಾಳೆಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಬಂದರೆ ಹಾಳೆಯನ್ನೇ ನಂಬಿ.

ಪಥ್ಯಪಾಕ:
ಮೊದಲು ಹೊಟ್ಟೆಯ ಅಳತೆ ತಿಳಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಸ್ಲೀವ್‌ನಲ್ಲಿ ಜಠರದ ಸುಮಾರು ಶೇಕಡ 75–80 ಭಾಗ ತೆಗೆದುಹಾಕಿ, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ಅದರ ಹಿಡಿತ 100ರಿಂದ 150 ಮಿ.ಲೀ. ರೂ-ಎನ್-ವೈ ಬೈಪಾಸ್‌ನಲ್ಲಿ ಮೇಲೆ ಉಳಿಯುವ ಚೀಲ ಇನ್ನೂ ಸಣ್ಣದು, ಸುಮಾರು 30 ಮಿ.ಲೀ. ಊಟ ಅಲ್ಲಿಂದ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರುವುದು ಆ ಮೊದಲ ಭಾಗದಲ್ಲೇ. ಹಾಗಾಗಿ ಬೈಪಾಸ್ ಆದವರು ಚೆನ್ನಾಗಿ ಉಂಡರೂ ಮಾತ್ರೆ ಬಿಡುವಂತಿಲ್ಲ.

ಹೆಚ್ಚಿನ ಕಡೆ ಅನುಸರಿಸುವ ಕ್ರಮ ಹೀಗಿದೆ: ಮೊದಲ ಒಂದೆರಡು ದಿನ ತಿಳಿಯಾದ ದ್ರವ, ಎರಡನೇ ವಾರದ ಕೊನೆಯವರೆಗೆ ಹಾಲು, ಮಜ್ಜಿಗೆ, ಅರೆದ ಬೇಳೆಯಂಥ ಗಟ್ಟಿ ದ್ರವ, ಮೂರು ಮತ್ತು ನಾಲ್ಕನೇ ವಾರ ನುಣ್ಣಗೆ ಅರೆದದ್ದು, ಐದು–ಆರನೇ ವಾರ ಬೆರಳಲ್ಲಿ ಒತ್ತಿದರೆ ನುರಿಯುವಷ್ಟು ಮೆತ್ತಗಿನದು, ಆಮೇಲೆ ಒಂದೊಂದೇ ಪದಾರ್ಥ ಸೇರಿಸುತ್ತಾ ಮಾಮೂಲಿ ಊಟ. ಒಂದು ಹಂತ ಹಾರಿದರೆ ಹೊಲಿಗೆ ಹಾಕಿದ ಜಾಗದ ಮೇಲೆ ಒತ್ತಡ ಬೀಳುತ್ತದೆ, ವಾಂತಿ ಶುರುವಾಗುತ್ತದೆ. "ಹಸಿವೇ ಆಗುತ್ತಿಲ್ಲ, ಒಂದು ಇಡ್ಲಿ ತಿಂದರೇನು" ಎಂಬ ಮಾತು ಹತ್ತನೇ ದಿನಕ್ಕೆ ಬಂದೇ ಬರುತ್ತದೆ. ತಿನ್ನಬೇಡಿ.

ಎರಡನೇ ವಾರಕ್ಕೆ ಬೇಳೆ ಪಾನೀಯ: ಹೆಸರುಬೇಳೆ 30 ಗ್ರಾಂ, ಅಂದರೆ ಎರಡು ದೊಡ್ಡ ಚಮಚ. 150 ಮಿ.ಲೀ. ನೀರು, ಚಿಟಿಕೆ ಅರಿಶಿನ, ಒಂದು ಚೂರು ಶುಂಠಿ, ಕಾಲು ಚಮಚ ಜೀರಿಗೆ ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ. ಇಳಿಸಿ, ಕಟ್ಟು ಬಸಿಯದೆ ಬೇಳೆ ಸಮೇತ ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ಬಿಸಿನೀರು ಬೆರೆಸಿ ಕುಡಿಯುವ ಹದಕ್ಕೆ ತಂದು, ತರಿ ಉಳಿದಿದ್ದರೆ ಮಾತ್ರ ಜರಡಿ ಹಿಡಿಯಿರಿ. ಇದರಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದೆ. ಅದೇ ಬೇಳೆಯ ಮೇಲಿನ ಕಟ್ಟನ್ನಷ್ಟೇ ಕೊಟ್ಟರೆ ಬಣ್ಣ, ರುಚಿ, ಒಂದಿಷ್ಟು ಉಪ್ಪು ಒಳಗೆ ಹೋಗುತ್ತದೆ. ಪ್ರೋಟೀನಿನ ಬಹುಪಾಲು ತಳದಲ್ಲಿ ಕೂತ ಬೇಳೆಯಲ್ಲೇ ಉಳಿಯುತ್ತದೆ.

ಇದಕ್ಕೆ ರುಚಿಯಿಲ್ಲದ ವೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಅರ್ಧ ಸ್ಕೂಪ್ ಸೇರಿಸಿದರೆ ಇನ್ನೂ 12 ಗ್ರಾಂ. ಕುದಿಯುವ ಸಾರಿಗೆ ಹಾಕಬೇಡಿ, ಗಂಟುಗಟ್ಟುತ್ತದೆ. ಬೆರಳು ತಾಳುವಷ್ಟು ಆರಿದ ಮೇಲೆ, ಪುಡಿಯನ್ನು ಮೊದಲು ಎರಡು ಚಮಚ ತಣ್ಣೀರಲ್ಲಿ ಕಲಸಿ, ಆಮೇಲೆ ಬೆರೆಸಿ.

ಜೋಳದರೊಟ್ಟಿ:
ಅಕ್ಕಾರ, ಪುಡಿ ಇಲ್ಲದ ಆಗೂದಿಲ್ಲೇನ್ರಿ? ನಮ್ ಕಡೆ ಡಬ್ಬಿ ಪುಡಿ ಅಂದ್ರ ಜಿಮ್‌ನವರದು, ಕಿಡ್ನಿ ಹೋಗ್ತದ ಅಂತ ಹೆದರ್ತಾರ.

ಪಥ್ಯಪಾಕ:
ಮೊದಲ ಆರೆಂಟು ವಾರ ಪುಡಿ ಇಲ್ಲದೆ ಸಸ್ಯಾಹಾರಿಗಳಿಗೆ ಬಹಳ ಕಷ್ಟ ರೀ. ಹೊತ್ತಿಗೆ 60–90 ಮಿ.ಲೀ. ಹಿಡಿಯುವ ಹೊಟ್ಟೆಗೆ ಬರೀ ಹಾಲು-ಬೇಳೆಯಿಂದ 60 ಗ್ರಾಂ ತುಂಬಿಸಲು ಜಾಗವೇ ಇರುವುದಿಲ್ಲ. ಹಾಲನ್ನೇ ನೋಡಿ, ಒಂದು ಲೀಟರಿಗೆ 32 ಗ್ರಾಂ. ಮೂತ್ರಪಿಂಡ ಆರೋಗ್ಯವಾಗಿದ್ದವರಿಗೆ ದಿನಕ್ಕೆ 60–80 ಗ್ರಾಂ ಅತಿಯಲ್ಲ. ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಮೊದಲೇ ಹೆಚ್ಚಿದ್ದವರು ಮಾತ್ರ ವೈದ್ಯರ ಲೆಕ್ಕದಂತೆ ನಡೆಯಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುವವರು ವೇ ಐಸೊಲೇಟ್ (ಹಾಲಿನ ಸಕ್ಕರೆಯನ್ನು ಬಹುಪಾಲು ತೆಗೆದ ವೇ ಪುಡಿ) ಅಥವಾ ಸೋಯಾ ಪುಡಿ ನೋಡಿ. ಆಪರೇಷನ್ ಆದಮೇಲೆ ಹಾಲು ಒಗ್ಗದಿರುವುದು ಹೊಸದಾಗಿ ಶುರುವಾಗಬಹುದು.

ಅಗ್ಗದ ದಾರಿಯೂ ಇದೆ. ಕೆನೆ ತೆಗೆದ ಹಾಲಿನ ಪುಡಿ ಎರಡು ದೊಡ್ಡ ಚಮಚ, ಅಂದಾಜು 15 ಗ್ರಾಂ, 150 ಮಿ.ಲೀ. ಹಾಲಿಗೆ ಕದಡಿದರೆ ಅದೇ ಲೋಟದಲ್ಲಿ 5 ಗ್ರಾಂ ಬದಲು 10 ಗ್ರಾಂ ಸಿಗುತ್ತದೆ. ಇದು ಹಾಲು ಒಗ್ಗುವವರಿಗೆ ಮಾತ್ರ.

ಒಂದು ಎಚ್ಚರ. ಅಂಗಡಿಯಲ್ಲಿ "ಆರೋಗ್ಯ ಪಾನೀಯ" ಎಂದು ಮಾರುವ ಮಾಲ್ಟ್ ಪುಡಿಗಳಲ್ಲಿ ಹೆಚ್ಚಿನವು ಸಕ್ಕರೆ ಮತ್ತು ಧಾನ್ಯ. ಡಬ್ಬಿಯ ಹಿಂದೆ 100 ಗ್ರಾಂಗೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ನೋಡಿ. ಸಕ್ಕರೆ ಮುಂದಿದ್ದರೆ ಡಬ್ಬಿ ವಾಪಸ್ ಇಡಿ.

ವಾರ್ಡ್_ನರ್ಸ್:
ಪ್ರೋಟೀನಿಗಿಂತ ಮೊದಲು ನೀರು. ಮೊದಲ ತಿಂಗಳು ಮತ್ತೆ ಆಸ್ಪತ್ರೆ ಸೇರುವವರಲ್ಲಿ ಬಹಳ ಜನ ಬರೋದು ನಿರ್ಜಲೀಕರಣಕ್ಕೆ. ಗುರಿ ಒಂದೂವರೆ ಲೀಟರ್. ಗಟಗಟ ಕುಡಿಯೋಕೆ ಆಗೋಲ್ಲ, ಆದ್ದರಿಂದ ಎಚ್ಚರವಿರುವ 14 ಗಂಟೆಯಲ್ಲಿ ಗಂಟೆಗೆ 110 ಮಿ.ಲೀ. ಅಂತ ಹಂಚಿಕೊಳ್ಳಿ. ಔಷಧಿ ಅಳೆಯೋ 15 ಮಿ.ಲೀ. ಮುಚ್ಚಳದಲ್ಲಿ ಕೆಲವು ನಿಮಿಷಕ್ಕೊಂದು ಗುಟುಕು. ನೀರು ಸೇರದಿದ್ದರೆ ಉಪ್ಪು ಹಾಕಿದ ನೀರುಮಜ್ಜಿಗೆ, ಸೋಸಿದ ತೆಳು ಸಾರು, ಸಕ್ಕರೆ ಹಾಕದ ನಿಂಬೆ ನೀರು ಎಲ್ಲಾ ಲೆಕ್ಕಕ್ಕೆ ಬರುತ್ತೆ. ತಿಳಿಸಾರಿಗೆ ನಿಜವಾದ ಜಾಗ ಇದು: ಅದು ನೀರು, ಊಟ ಅಲ್ಲ.

ಊಟದ ಜೊತೆ ನೀರು ಬೇಡ, ಊಟ ಆದಮೇಲೆ 30 ನಿಮಿಷ ಬೇಡ. ಮಧ್ಯೆ ಕುಡಿದರೆ ಊಟ ನೀರಿನ ಜೊತೆ ಜಾರಿಹೋಗುತ್ತೆ, ಬೇಗ ಹಸಿವಾಗುತ್ತೆ, ಇಲ್ಲಾ ಮೇಲಕ್ಕೆ ಬರುತ್ತೆ. ಮೂತ್ರ ಕಡು ಹಳದಿ, ನಿಂತಾಗ ತಲೆ ತಿರುಗೋದು, ಬಾಯಿ ಒಣಗೋದು ಇದ್ದರೆ ಅಂದೇ ಫೋನ್ ಮಾಡಿ. ಬಿಪಿಗೆ ಮೂತ್ರ ಹೆಚ್ಚಿಸೋ ಮಾತ್ರೆ ತಗೊಳ್ಳೋರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಿರಿ. ಆ ಮಾತ್ರೆಯ ಪ್ರಮಾಣ ಇಳಿಸಬೇಕಾ ಅಂತ ಮನೆಗೆ ಹೊರಡೋ ಮೊದಲೇ ಕೇಳಿ.

ಮೊದಲ ವಾರಗಳಲ್ಲಿ ಜ್ವರ, ನಾಡಿ ಮಿಡಿತ 120ರ ಮೇಲೆ, ಹೆಚ್ಚಾಗುತ್ತಾ ಹೋಗುವ ಹೊಟ್ಟೆನೋವು, ಎಡಭುಜದ ನೋವು ಬಂದರೆ ಅದು ಊಟದ ವಿಷಯ ಅಲ್ಲ. ಹೊಲಿಗೆಯಲ್ಲಿ ಸೋರಿಕೆ ಇರಬಹುದು. ಕಷಾಯ ಕುಡಿದು ನೋಡೋಣ ಅನ್ನಬೇಡಿ, ನೇರ ಆಸ್ಪತ್ರೆಗೆ.

ಕಟ್ಟುಸಾರು:
ರಾಗಿ ವಿಷಯ ಯಾರೂ ಎತ್ತಲಿಲ್ಲ. ರಾಗಿಯಲ್ಲಿ ಅಷ್ಟು ಕ್ಯಾಲ್ಸಿಯಂ ಇರುವಾಗ ದಿನಾ ಅಂಬಲಿ ಕುಡಿದರೆ ಕ್ಯಾಲ್ಸಿಯಂ ಮಾತ್ರೆ ಬೇಡ ಅಲ್ಲವೇ? ಮಂಡ್ಯ, ಹಾಸನದ ಕಡೆಯವರಿಗೆ ಮುದ್ದೆ ಬಿಡಿ ಅನ್ನೋದು ದೊಡ್ಡ ಮಾತು.

ಮಾತ್ರೆಡಬ್ಬಿ:
ಲೆಕ್ಕ ಹಾಕಿ ನೋಡೋಣ ಅಣ್ಣಾ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಕ್ಯಾಲ್ಸಿಯಂ. ಒಂದು ಲೋಟ ಅಂಬಲಿಗೆ ಹಿಟ್ಟು 20 ಗ್ರಾಂ ಹಾಕಿದರೆ ಸಿಗೋದು 73 ಮಿ.ಗ್ರಾಂ. ಅದರಲ್ಲೂ ಕಾಳು-ಧಾನ್ಯದಲ್ಲಿರುವ ಫೈಟೇಟ್ ಅನ್ನೋ ಅಂಶ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತೆ. ದಿನದ ಗುರಿ ಊಟ, ಮಾತ್ರೆ ಎರಡೂ ಸೇರಿ 1200–1500. ರಾಗಿಯೊಂದರಿಂದ ತುಂಬಿಸಬೇಕಾದರೆ ದಿನಕ್ಕೆ 350–400 ಗ್ರಾಂ ಹಿಟ್ಟು ಬೇಕು, ಈ ಹೊಟ್ಟೆಗೆ ಅದು ಆಗದ ಮಾತು. ಮೊಳಕೆ ಬರಿಸಿ ಒಣಗಿಸಿದ ರಾಗಿಯಲ್ಲಿ ಫೈಟೇಟ್ ಕಡಿಮೆ ಆಗುತ್ತೆ, ಒಳ್ಳೆಯದೇ, ಆದರೂ ಮಾತ್ರೆಗೆ ಬದಲಲ್ಲ.

ಪಥ್ಯಪಾಕ:
ಮುದ್ದೆಯ ತೊಡಕು ಬೇರೆ ಕಡೆ ಇದೆ. ಮುದ್ದೆಯನ್ನು ಅಗಿಯದೆ ಸಾರಲ್ಲಿ ಅದ್ದಿ ನುಂಗುವುದು ರೂಢಿ. ಕಿರಿದಾದ ಕೊಳವೆಗೆ ನುಂಗಿದ ತುತ್ತು ಹಾಗೇ ಹೋಗಿ ಕೂತುಬಿಡುತ್ತದೆ. ಕನಿಷ್ಠ ಮೂರು ತಿಂಗಳು ಬೇಡ. ಆಮೇಲೂ ನಿಂಬೆಹಣ್ಣಿನ ಗಾತ್ರ ಸಾಕು, ಚಿಟಿಕೆ ಚಿಟಿಕೆಯಾಗಿ ಮುರಿದು, ಗಟ್ಟಿ ಮಸ್ಸೊಪ್ಪಿನ ಜೊತೆ ಅಗಿದೇ ತಿನ್ನಬೇಕು. ಅಗಿಯಲು ಮನಸ್ಸೊಪ್ಪದವರು ರಾಗಿಯನ್ನು ದೋಸೆಗೆ ಬಳಸಿ: ನೆನೆಸಿದ ಹೆಸರುಕಾಳು ಎರಡು ಪಾಲು, ರಾಗಿಹಿಟ್ಟು ಒಂದು ಪಾಲು, ಹಸಿಮೆಣಸು, ಜೀರಿಗೆ. ಗರಿಗರಿ ಮಾಡದೆ ಮುಚ್ಚಳ ಮುಚ್ಚಿ ಮೆತ್ತಗೆ ಬೇಯಿಸಿ.

ಜೋಳದರೊಟ್ಟಿ:
ನಮ್ ಕಡೀದು ನಾ ಹೇಳ್ತೀನ್ರಿ. ಕಡಕ್ ರೊಟ್ಟಿ ಆರು ತಿಂಗಳು ದೂರ ಇಡೂದು ಛಲೋ. ಮೆತ್ತನ್ನ ರೊಟ್ಟಿ ಎರಡನೇ ತಿಂಗಳ ನಂತರ, ಕಾಲು ರೊಟ್ಟಿ, ಗಟ್ಟಿ ಬ್ಯಾಳ್ಯಾಗ ಹತ್ತು ನಿಮಿಷ ನೆನಿಸಿ ಹಿಚುಕಿದ್ದು. ಜುಣಕ ಒಣದು ಮಾಡಿದ್ರ ಎದಿಗೆ ಹಿಡೀತದ. ಕಡ್ಲಿಹಿಟ್ಟು 30 ಗ್ರಾಂ, ನೀರು ಒಂದು ಲೋಟ, ಸಡಿಲ ಪಿಟ್ಲಾ ಹಂಗ ಕುದಿಸಿ ಮಾಡ್ರಿ, ಆರೂವರಿ ಗ್ರಾಂ ಪ್ರೋಟೀನ್ ಬರ್ತದ. ಶೇಂಗಾ ಹಿಂಡಿ ಪ್ರೋಟೀನ್ ಖರೇ, ಆದ್ರ ಅರ್ಧದಷ್ಟು ಎಣ್ಣಿನ ಅದ ಅದ್ರಾಗ, ದಿನಕ್ಕ ಎರಡು ಸಣ್ಣ ಚಮಚ ಸಾಕು.

ಕಡಲತಡಿ:
ಮೀನು ತಿನ್ನುವವರಿಗೆ ಇದು ಬಹಳ ಸುಲಭ. ಮೆತ್ತಗಿನ ಹಂತದಲ್ಲೇ ಕಾಣೆ ಮೀನು ಶುರು ಮಾಡಬಹುದು. ಆವಿಯಲ್ಲಿ ಬೇಯಿಸಿ ಮುಳ್ಳು ತೆಗೆದ 75 ಗ್ರಾಂ ಮೀನಿನಲ್ಲಿ ಹತ್ತಿರ ಹತ್ತಿರ 15 ಗ್ರಾಂ ಪ್ರೋಟೀನ್. ಬಂಗುಡೆಯೂ ಆಗುತ್ತದೆ. ಬೂತಾಯಿಯ ಸಣ್ಣ ಮುಳ್ಳಿನ ವಿಷಯದಲ್ಲಿ ಜಾಗ್ರತೆ ಬೇಕು. ರವೆ ಹಚ್ಚಿ ಹುರಿದದ್ದು ಬೇಡ, ತೆಳು ಪುಳಿಮುಂಚಿ ಆಗಬಹುದು, ಖಾರ ಕಡಿಮೆ ಇರಲಿ.

ನೀರುದೋಸೆ ಮೆತ್ತಗಿದೆ ಎಂದು ಮೂರು ತಿನ್ನುವವರಿದ್ದಾರೆ. ಅದು ಅಕ್ಕಿ ಮತ್ತು ನೀರು ಅಷ್ಟೇ. ಮೀನು ಮುಗಿದ ಮೇಲೆ ಜಾಗ ಉಳಿದರೆ ಅರ್ಧ ದೋಸೆ.

ಕೋಳಿಯಾದರೆ ಫಾರಂ ಕೋಳಿಯ ಕೈಮಾ ಮಾಡಿ ಗ್ರೇವಿಯಲ್ಲಿ ಬೇಯಿಸಿ. ನಾಟಿ ಕೋಳಿಯ ನಾರು ಗಟ್ಟಿ, ವರ್ಷದೊಳಗೆ ಬೇಡವೇ ಬೇಡ. ನಿನ್ನೆಯ ಚಿಕನ್ ಮತ್ತೆ ಬಿಸಿ ಮಾಡಿದಾಗ ಒಣಗಿ ಸಿಕ್ಕಿಕೊಳ್ಳುವುದೇ ಹೆಚ್ಚು.

ಮಲೆನಾಡು_ತಂಬುಳಿ:
ಸಿಕ್ಕಿಕೊಳ್ಳುವುದು ಎಂದಿರಲ್ಲ, ಅದನ್ನು ಗುರುತಿಸುವುದು ಹೇಗೆ, ಆಗ ಏನು ಮಾಡಬೇಕು ಅಂತ ಯಾರಾದರೂ ಬಿಡಿಸಿ ಬರೆಯಿರಿ.

ವಾರ್ಡ್_ನರ್ಸ್:
ಎದೆಮೂಳೆಯ ಕೆಳಗೆ ಬಿಗಿತ, ಬಾಯಿ ತುಂಬಾ ಜೊಲ್ಲು, ನೊರೆನೊರೆಯಾಗಿ ಉಗುಳು, ಸೀನು ಅಥವಾ ಬಿಕ್ಕಳಿಕೆ. ಅಲ್ಲೇ ನಿಲ್ಲಿಸಿ. ನೀರು ಕುಡಿದು ತಳ್ಳೋಕೆ ಹೋಗಬೇಡಿ, ಕೆಳಗೆ ದಾರಿ ಮುಚ್ಚಿರುವಾಗ ನೀರೂ ಮೇಲೇ ನಿಲ್ಲುತ್ತೆ, ನೋವು ಹೆಚ್ಚಾಗುತ್ತೆ. ಎದ್ದು ನಿಧಾನ ನಡೆಯಿರಿ, ಸಾಮಾನ್ಯವಾಗಿ ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ, ಇಲ್ಲಾ ಆಚೆ ಬರುತ್ತೆ. ಆ ದಿನ ಉಳಿದ ಹೊತ್ತು ದ್ರವ ಮಾತ್ರ.

ಕಾರಣ ಹೆಚ್ಚಾಗಿ ಮೂರೇ: ದೊಡ್ಡ ತುತ್ತು, ಅವಸರ, ಒಣ ಪದಾರ್ಥ. ಕಾಫಿ ಚಮಚದಲ್ಲಿ ತಿನ್ನಿ, ತುತ್ತಿಗೆ ಇಪ್ಪತ್ತು ಸಲ ಅಗಿಯಿರಿ, ಊಟ 20–30 ನಿಮಿಷ ಆಗಲಿ. ಬ್ರೆಡ್, ಉದುರು ಅನ್ನ, ಚಪಾತಿ ಉಂಡೆಗಟ್ಟುತ್ತವೆ. ನುಗ್ಗೆಕಾಯಿ ಸಿಪ್ಪೆ, ಕಿತ್ತಳೆ ತೊಳೆಯ ಪೊರೆ ಕರಗೋಲ್ಲ, ರಸ ಹೀರಿ ಉಗುಳಿ.

ಎಷ್ಟು ನಿಧಾನ ತಿಂದರೂ ಮೊದಲ ಮೂರು ತಿಂಗಳಲ್ಲಿ ದಿನೇ ದಿನೇ ಹೆಚ್ಚು ಸಿಕ್ಕಿಕೊಳ್ಳುತ್ತಿದ್ದರೆ, ನಿನ್ನೆ ಇಳಿದ ಗಂಜಿ ಇವತ್ತು ಇಳಿಯದಿದ್ದರೆ, ಚೀಲಕ್ಕೆ ಕರುಳು ಜೋಡಿಸಿದ ಜಾಗ ಕಿರಿದಾಗಿರಬಹುದು. ಎಂಡೋಸ್ಕೋಪಿ ಮಾಡಿ ಹಿಗ್ಗಿಸಬಹುದು.

ಮಾತ್ರೆಡಬ್ಬಿ:
ವಾಂತಿ ಬಗ್ಗೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯವರೂ ಓದಲಿ. ದಿನಗಟ್ಟಲೆ ವಾಂತಿ ಆಗುತ್ತಿದ್ದರೆ ಥಯಾಮಿನ್, ಅಂದರೆ ಬಿ1, ಕೆಲವೇ ವಾರದಲ್ಲಿ ಖಾಲಿಯಾಗುತ್ತೆ. ದೇಹದಲ್ಲಿ ಇದರ ದಾಸ್ತಾನು ಬಹಳ ಕಡಿಮೆ, ಪಾಲಿಶ್ ಅಕ್ಕಿಯ ಗಂಜಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಂದು ಎರಡಾಗಿ ಕಾಣೋದು, ನಡೆಯುವಾಗ ತೂರಾಡೋದು, ಪಾದ ಜೋಮು ಹಿಡಿಯೋದು, ಮಾತಲ್ಲಿ ಗೊಂದಲ ಇವು ಲಕ್ಷಣ. ಸುಸ್ತು ಅಂತ ಹತ್ತಿರದ ಕ್ಲಿನಿಕ್‌ಗೆ ಹೋಗಿ ಗ್ಲೂಕೋಸ್ ಡ್ರಿಪ್ ಹಾಕಿಸೋದು ನಮ್ಮಲ್ಲಿ ರೂಢಿ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಕೊಟ್ಟರೆ ಉಳಿದ ಬಿ1 ಕೂಡ ಖರ್ಚಾಗಿ ಮೆದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. "ಬೇರಿಯಾಟ್ರಿಕ್ ಆಪರೇಷನ್ ಆಗಿದೆ, ವಾಂತಿ ಇದೆ, ಮೊದಲು ಥಯಾಮಿನ್ ಕೊಡಿ" ಅಂತ ಹೇಳಿ. ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೇದು.

ಉಳಿದ ಮಾತ್ರೆಗಳು. ಬಿ12 ನುಂಗೋದಾದರೆ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ, ಇಲ್ಲವೇ ತಿಂಗಳಿಗೆ 1000ದ ಒಂದು ಇಂಜೆಕ್ಷನ್. ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳೋರು ಎಷ್ಟೋ ಸಲ ಆಪರೇಷನ್‌ಗೆ ಮೊದಲೇ ಕೊರತೆಯಲ್ಲಿರುತ್ತಾರೆ. ವಿಟಮಿನ್ ಡಿ ದಿನಕ್ಕೆ 3000 ಯೂನಿಟ್, ರಕ್ತದಲ್ಲಿ ಮಿ.ಲೀ.ಗೆ 30 ನ್ಯಾನೋಗ್ರಾಂ ದಾಟುವಂತೆ. ವಾರಕ್ಕೊಂದು 60,000ದ ಸ್ಯಾಶೆ ಕೊರತೆ ತುಂಬೋಕೆ, ಪರೀಕ್ಷೆ ಇಲ್ಲದೆ ವರ್ಷಗಟ್ಟಲೆ ಮುಂದುವರಿಸೋಕಲ್ಲ. ಕಬ್ಬಿಣ, ಮುಟ್ಟಾಗುವ ಹೆಂಗಸರಿಗೂ ಬೈಪಾಸ್ ಆದವರಿಗೂ ದಿನಕ್ಕೆ 45–60 ಮಿ.ಗ್ರಾಂ.

ಕ್ಯಾಲ್ಸಿಯಂನಲ್ಲಿ ಮೋಸ ಹೋಗೋದು ಲೇಬಲ್ ಓದುವಾಗ. ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಬರೋದು ಕಾರ್ಬೊನೇಟ್. ಅದು ಕರಗೋಕೆ ಜಠರದ ಆಮ್ಲ ಬೇಕು, ಇಲ್ಲಿ ಆಮ್ಲವೇ ಕಡಿಮೆ. ಸಿಟ್ರೇಟ್ ಕೇಳಿ ತಗೊಳ್ಳಿ. "ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ" ಅಂತ ಬರೆದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ ಸುಮಾರು 210 ಮಾತ್ರ. "ಎಲಿಮೆಂಟಲ್" ಅನ್ನೋ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಒಂದು ಸಲಕ್ಕೆ 500–600 ಮೀರಿದರೆ ಹೀರೋದಿಲ್ಲ, ಹಾಗಾಗಿ ಹಂಚಿ ತಗೊಳ್ಳಿ.

ಹೆಸರುಬೇಳೆ:
ಥೈರಾಯ್ಡ್ ಮಾತ್ರೆಯೂ ಇದ್ದವರಿಗೆ ದಿನದ ಸಮಯ ಹೇಗೆ ಹೊಂದಿಸೋದು? ಬೆಳಗಿನ ಕಾಫಿ ಬಿಡದವರೇ ಹೆಚ್ಚು.

ಮಾತ್ರೆಡಬ್ಬಿ:
6 ಗಂಟೆಗೆ ಥೈರಾಯ್ಡ್, ಖಾಲಿ ಹೊಟ್ಟೆ. ಕಾಫಿ 7ಕ್ಕೆ, ಸಣ್ಣ ಲೋಟ, ಅದೂ ಮೊದಲ ತಿಂಗಳು ಕಳೆದ ಮೇಲೆ. ಕಬ್ಬಿಣವಿರುವ ಮಲ್ಟಿವಿಟಮಿನ್ 10:30ರ ಸುಮಾರಿಗೆ. ಮಧ್ಯಾಹ್ನ 1ಕ್ಕೆ ಕ್ಯಾಲ್ಸಿಯಂ, ಸಂಜೆ 5ಕ್ಕೆ ಇನ್ನೊಂದು. ರಾತ್ರಿ ಮಲಗುವಾಗ ಕಬ್ಬಿಣ, ನಿಂಬೆರಸ ಹಿಂಡಿದ ನೀರಿನ ಜೊತೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ, ಥೈರಾಯ್ಡಿಗೂ ಇವೆರಡಕ್ಕೂ ನಾಲ್ಕು ಗಂಟೆ. ಕಾಫಿ, ಚಹಾ, ಹಾಲಿನ ಜೊತೆ ಕಬ್ಬಿಣ ನುಂಗಿದರೆ ಪ್ರಯೋಜನ ಕಡಿಮೆ.

ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಬೇಡ, ಬೈಪಾಸ್ ಆದವರಿಗಂತೂ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತೆ. ಪ್ಯಾರಾಸಿಟಮಾಲ್ ಆಗಬಹುದು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತೆ, ಬಿಡುಗಡೆಯ ದಿನವೇ ಹೊಸ ಪ್ರಮಾಣ ಬರೆಸಿಕೊಳ್ಳಿ.

ಪಥ್ಯಪಾಕ:
ನಾಲ್ಕನೇ ತಿಂಗಳ ನಂತರ ಮೊಟ್ಟೆಯನ್ನೂ ತಿನ್ನದವರ ಒಂದು ದಿನ: ಬೆಳಿಗ್ಗೆ 150 ಮಿ.ಲೀ. ಹಾಲಿಗೆ ಅರ್ಧ ಸ್ಕೂಪ್ ಪುಡಿ, 17 ಗ್ರಾಂ. ತಿಂಡಿಗೆ 30 ಗ್ರಾಂ ಹೆಸರುಕಾಳಿನ ಒಂದು ಮೆತ್ತನೆ ದೋಸೆ, ಒಳಗೆ 30 ಗ್ರಾಂ ತುರಿದ ಪನೀರ್, 12. ಮಧ್ಯಾಹ್ನ 30 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ, 50 ಗ್ರಾಂ ಪನೀರ್, ಕೊನೆಯಲ್ಲಿ ಎರಡು ಚಮಚ ಅನ್ನ, 15. ಸಂಜೆ ಮಜ್ಜಿಗೆಗೆ 20 ಗ್ರಾಂ ಹುರಿಗಡಲೆ ಪುಡಿ, 6. ರಾತ್ರಿ 15 ಗ್ರಾಂ ಸೋಯಾ ಚಂಕ್ಸ್ ನೆನೆಸಿ ಹಿಂಡಿ ಪುಡಿ ಮಾಡಿದ ಪಲ್ಯ, ಜೊತೆಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 60 ಗ್ರಾಂ, 12–13. ಒಟ್ಟು 60 ದಾಟುತ್ತದೆ. ಮೊಟ್ಟೆ ತಿನ್ನುವವರು ಯಾವುದಾದರೂ ಒಂದರ ಬದಲು ಎರಡು ಮೊಟ್ಟೆ ಹಾಕಿಕೊಳ್ಳಿ, 12 ಗ್ರಾಂ.

ಏಕಾದಶಿ, ಶಿವರಾತ್ರಿ ಹಿಡಿಯುವವರು ಮೊದಲ ವರ್ಷ ನಿರಾಹಾರ ಮಾಡಬಾರದು. ಸಾಬಕ್ಕಿ, ಆಲೂಗಡ್ಡೆ ಬರೀ ಪಿಷ್ಟ. ಫಲಾಹಾರದಲ್ಲೇ ಹಾಲು, ಮೊಸರು, ಪನೀರಿಗೆ ಅವಕಾಶ ಇದೆಯಲ್ಲ.

ಕಟ್ಟುಸಾರು:
ಮೂರನೇ ತಿಂಗಳಿಂದ ಕೂದಲು ಉದುರೋದಕ್ಕೆ ಬಯೋಟಿನ್ ಸಾಕೇ?

ಮಾತ್ರೆಡಬ್ಬಿ:
ವೇಗವಾಗಿ ತೂಕ ಇಳಿದಾಗ ಮೂರರಿಂದ ಆರನೇ ತಿಂಗಳು ಉದುರುತ್ತೆ, ಸಾಮಾನ್ಯವಾಗಿ ಮತ್ತೆ ಬರುತ್ತೆ. ಬಯೋಟಿನ್‌ಗೆ ದುಡ್ಡು ಹಾಕೋ ಮೊದಲು ಪ್ರೋಟೀನ್ ಲೆಕ್ಕ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ), ಸತು ನೋಡಿಸಿ. ಆರು ತಿಂಗಳ ನಂತರವೂ ನಿಲ್ಲದಿದ್ದರೆ ಕೊರತೆ ಇದೆ ಅಂತಲೇ ಹುಡುಕಬೇಕು. ರಕ್ತಪರೀಕ್ಷೆ 3, 6, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ, ಜೀವನಪೂರ್ತಿ.

ಮಲೆನಾಡು_ತಂಬುಳಿ:
ಒಂದೆರಡು ವರ್ಷದ ನಂತರ ತೂಕ ವಾಪಸ್ ಬರುವುದರ ಬಗ್ಗೆಯೂ ಹೇಳಬೇಕು. ಪನೀರ್, ಕಾಳು ಹೊಟ್ಟೆಯಲ್ಲಿ ಕೂರುತ್ತವೆ, ನಾಲ್ಕು ಚಮಚಕ್ಕೆ ಸಾಕೆನಿಸುತ್ತವೆ. ಚಕ್ಕುಲಿ, ಖಾರಾ ಮಂಡಕ್ಕಿ, ಬಿಸ್ಕತ್ತು, ಮಿಕ್ಸ್ಚರ್ ಬಾಯಲ್ಲೇ ಪುಡಿಯಾಗಿ ಸಲೀಸಾಗಿ ಜಾರುತ್ತವೆ, ತಡೆಯೇ ಇಲ್ಲ. ಅದಕ್ಕೆ "ಪನೀರ್ ಒಗ್ಗಲ್ಲ, ಚಕ್ಕುಲಿ ಒಗ್ಗುತ್ತೆ" ಎನ್ನುವ ಸ್ಥಿತಿ ಬರುತ್ತದೆ. ಅಂಥವರು ಪನೀರನ್ನು ತುರಿದು, ಮೊಸರಲ್ಲಿ ಕಲಸಿ ತೇವ ಮಾಡಿ ನೋಡಬೇಕು. ಚಕ್ಕುಲಿ ಡಬ್ಬಿ ಕೈಗೆ ಸಿಗುವ ಜಾಗದಲ್ಲಿ ಇರಬಾರದು.

ಜೋಳದರೊಟ್ಟಿ:
ಮದವಿ ಮನಿ ಊಟಕ್ಕ ಕುಂತಾಗ ಏನ್ ಮಾಡ್ಬೇಕ್ರಿ? ಹೋಳಿಗಿ ಬ್ಯಾಡ ಅಂದ್ರ ಬಡಸೋರು ಬಿಡೂದಿಲ್ಲ. ಬೆಲ್ಲದ್ದು, ಏನ್ ಆಗೂದಿಲ್ಲ ಅಂತಾರ.

ಪಥ್ಯಪಾಕ:
ಬೆಲ್ಲ, ಸಕ್ಕರೆ, ಜೇನು ಎಲ್ಲವೂ ಇಲ್ಲಿ ಒಂದೇ. ಬೈಪಾಸ್ ಆದವರಲ್ಲಿ ಹೆಚ್ಚು, ಸ್ಲೀವ್ ಆದವರಲ್ಲೂ ಕೆಲವೊಮ್ಮೆ, ಸಿಹಿ ನೇರ ಕರುಳಿಗೆ ಇಳಿದು ಅಲ್ಲಿಗೆ ನೀರನ್ನು ಎಳೆಯುತ್ತದೆ. 10–30 ನಿಮಿಷದಲ್ಲಿ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಇದೇ ಡಂಪಿಂಗ್. ಆಗ ಒರಗಿ ಮಲಗಿ, ಕಳೆಯುತ್ತದೆ. ಇನ್ನೊಂದು ಬಗೆ ತಡವಾಗಿ, ಊಟವಾದ 1–3 ಗಂಟೆಗೆ ಬರುತ್ತದೆ: ಇನ್ಸುಲಿನ್ ಹೆಚ್ಚು ಸುರಿದು ಸಕ್ಕರೆ ಕುಸಿಯುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ಶುರುವಾಗುವುದರಿಂದ ಆಪರೇಷನ್ನಿಗೆ ಸಂಬಂಧ ಎಂದು ಹೊಳೆಯುವುದೇ ಇಲ್ಲ. ಗ್ಲುಕೋಮೀಟರಿನಲ್ಲಿ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ ಗ್ಲೂಕೋಸ್, ಹಿಂದೆಯೇ ಒಂದು ಲೋಟ ಹಾಲು ಅಥವಾ ಒಂದು ಹಿಡಿ ಹುರಿಗಡಲೆ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಮತ್ತೆ ಕುಸಿಯುತ್ತದೆ. ಪದೇ ಪದೇ ಆದರೆ ವೈದ್ಯರಿಗೆ ತೋರಿಸಿ.

ಎಲೆ ಮುಂದೆ ಕೂತಾಗ ಮೊದಲು ಹೆಸರುಬೇಳೆ ಕೋಸಂಬರಿ, ಚೆನ್ನಾಗಿ ಅಗಿದು. ಆಮೇಲೆ ಹುಳಿಯ ತಳದ ಬೇಳೆ ಮತ್ತು ಬೆಂದ ತರಕಾರಿ, ಕಾಳಿನ ಪಲ್ಯ ಇದ್ದರೆ ಅದು. ನಂತರ ಗಟ್ಟಿ ಮೊಸರು. ಇಷ್ಟಕ್ಕೆ ಜಾಗ ಮುಗಿದಿರುತ್ತದೆ. ಅನ್ನಕ್ಕೆ ಎಲೆಯ ತುದಿಯಲ್ಲೇ ಒಂದು ಚಮಚ ಹಾಕಿಸಿಕೊಳ್ಳಿ. ಹೋಳಿಗೆಯನ್ನು ಮನೆಗೆ ಕಟ್ಟಿಕೊಡಲು ಹೇಳಿದರೆ ಬಡಿಸುವವರಿಗೂ ಸಮಾಧಾನ. ನೀರಿನ ಲೋಟವನ್ನು ಪಕ್ಕದವರ ಕಡೆಗೆ ಸರಿಸಿಡಿ, ಕೈ ತಾನಾಗಿ ಅದರ ಕಡೆ ಹೋಗುತ್ತದೆ.